ಗೊಂಬೆ ಕೊಳ್ಳಲು ಹೊರಟ ಮೊಮ್ಮಗನಿಗೆ

ಜಪಾನಿನ ಹಳೇ ಪಿಂಗಾಣಿ ಗೊಂಬೆಗಳನ್ನು ಕೂಡಿಡುವ ಆಸೆ ನಿನಗೆ ಹುಟ್ಟಿದ್ದು ನನಗೆ ಸಂತೋಷ ಕಣಪ್ಪ. ಗೊಂಬೆ ಕೈಗೆ ಬಂದಾಗ ಅದರ ಮುಖಕ್ಕೆ ಮರುಳಾಗಬೇಡ, ಮೊದಲು ತಿರುಗಿಸಿ ಬುಡ ನೋಡು. ‘ನಿಪ್ಪಾನ್’ ಎಂಬ ಮುದ್ರೆಯಿದ್ದರೆ ಸಾಮಾನ್ಯವಾಗಿ ಅದು 1891ರಿಂದ 1921ರ ನಡುವಿನದು. ಆಮೇಲೆ ‘ಜಪಾನ್’ ಎಂದೇ ಇರಬೇಕೆಂದು ಅಮೆರಿಕದ ಸುಂಕದವರು ಪಟ್ಟು ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, 1947ರಿಂದ 1952ರವರೆಗೆ, ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಮುದ್ರೆ ಬಂತು. ಈಗ ಅದನ್ನೇ ಹುಡುಕುವವರಿದ್ದಾರೆ, ಹಾಗಾಗಿ ನಕಲಿ ಮುದ್ರೆಯೂ ಇದೆ. ಹತ್ತಿಗೆ ಚೂರು ನೇಲ್ ಪಾಲಿಶ್ ರಿಮೂವರ್ ತಾಕಿಸಿ ಬುಡದ ಮುದ್ರೆಯನ್ನು ಉಜ್ಜು. ಗೂಡಿನಲ್ಲಿ ಬೆಂದ ಮುದ್ರೆ ಕದಲುವುದಿಲ್ಲ, ಆಮೇಲೆ ಒತ್ತಿದ್ದು ಅಳಿಸಿಹೋಗುತ್ತದೆ. ಗೊಂಬೆಯ ಮೈಬಣ್ಣಕ್ಕೆ ಮಾತ್ರ ರಿಮೂವರ್ ಸೋಕಿಸಬೇಡ. ಅಗ್ಗದ ಗೊಂಬೆಗಳಿಗೆ ಎಷ್ಟೋ ಸಲ ಸುಟ್ಟ ಮೇಲೆ ಬಣ್ಣ ಬಳಿಯುತ್ತಿದ್ದರು, ಬಿಸಿನೀರು ಸೋಪಿಗೂ ಅದು ಬಿಟ್ಟುಬರುತ್ತದೆ.

ಐಚಿ ಪ್ರಾಂತ್ಯದ ಸೆಟೊ ಇಂಥ ಗೊಂಬೆಗಳ ದೊಡ್ಡ ನೆಲೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗೊಂಬೆಗಳು ಹೊರದೇಶಗಳ ಮಾರುಕಟ್ಟೆಗೆ ಬರುವುದು ನಿಂತಾಗ ಆ ಮಾರುಕಟ್ಟೆಗೆ ಸೆಟೊದವರು ಕಾಲಿಟ್ಟರು. ಜಪಾನಿನ ಮಣ್ಣಿನಲ್ಲಿ ಯೂರೋಪಿನ ದೊರೆಸಾನಿಯರು, ಕುರಿ ಕಾಯುವ ಹುಡುಗಿಯರು ಮೂಡಿದ್ದು ಹೀಗೆ.

ಇಷ್ಟನ್ನು ಪುಸ್ತಕವೂ ಕಲಿಸುತ್ತದೆ. ನಾನು ಹೇಳಬೇಕಿರುವುದು ಬೇರೆ. ನಮ್ಮ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಈ ಗೊಂಬೆಗಳು ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದ ಬಂಗಲೆಗಳಲ್ಲಿ, ಆಂಗ್ಲೋ ಇಂಡಿಯನ್ನರ ಶೋಕೇಸುಗಳಲ್ಲಿ ಇದ್ದವು. 1956ರಲ್ಲಿ ಗಣಿ ಸರ್ಕಾರದ್ದಾಯಿತು. ದೊರೆಗಳು ಹೊರಡುವಾಗ ಬಿಟ್ಟುಹೋದದ್ದು ಬಟ್ಲರನ, ಆಯಾಳ ಮನೆ ಸೇರಿ, ದಸರೆಯ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳ ಪಕ್ಕ ಕೂತಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತ ಮನೆಗಳಲ್ಲಿ ಒಂದೊಂದೇ ಸಾಮಾನು ಗುಜರಿಗೆ ಹೋಯಿತು. ಬೆಳಗಾಗುವ ಮುಂಚೆ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿಗೆ ಹೋಗುವವರ ಮನೆಗಳಲ್ಲಿ ಒಂದೆರಡು ಗೊಂಬೆ ಇನ್ನೂ ಉಳಿದಿರಬಹುದು.

ಅಂಥ ಮನೆಯ ಅಜ್ಜಿ ನೂರು ರೂಪಾಯಿ ಕೇಳಿದರೆ ನೂರಕ್ಕೆ ಎತ್ತಿಕೊಂಡು ಬರಬೇಡ. ಅದರ ಬೆಲೆ ನಿನಗೆ ಗೊತ್ತು, ಆಕೆಗೆ ಗೊತ್ತಿಲ್ಲ, ಗೊತ್ತಿರುವವನೇ ಬಾಯಿಬಿಡಬೇಕು. ನ್ಯಾಯವಾದ ಬೆಲೆ ಹೇಳು. ಅದನ್ನು ಕೇಳಿ ಆಕೆ ಮಾರುವುದಿಲ್ಲ ಎಂದರೆ ನಮಸ್ಕಾರ ಹೇಳಿ ಎದ್ದು ಬಾ. ಈ ಊರಿನ ನೆಲದಿಂದ ಬೇಕಾದಷ್ಟು ತೆಗೆದುಕೊಂಡು ಹೋಗಿದ್ದಾರಪ್ಪ, ನೀನೂ ಆ ಸಾಲಿಗೆ ಸೇರಬೇಡ.

ಕೊಟ್ಟರೆ, ಕೂತು ಮಾತಾಡಿಸು. ಚಾಂಪಿಯನ್ ರೀಫ್ಸೋ, ಉರಿಗಾಮೋ, ಮಾರಿಕುಪ್ಪಮೋ, ಗಣಿ ಕಾರ್ಮಿಕರ ಯಾವ ಲೈನಿನ ಮನೆ, ಯಜಮಾನರು ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಗೊಂಬೆ ಅವರ ಕೈಗೆ ಹೇಗೆ ಬಂತು ಎಂದು ಕೇಳಿ, ಅವರು ಒಪ್ಪಿದಷ್ಟನ್ನು ಬರೆದುಕೊ. ಸೆಟೊದ ಇಂಥ ಗೊಂಬೆ ಅಮೆರಿಕದಲ್ಲಿ ರಾಶಿ ಸಿಗುತ್ತದೆ; ಲೈನಿನ ಮನೆಯೊಂದರಲ್ಲಿ ದಸರೆಗೆ ಕೂತಿದ್ದ ಗೊಂಬೆ ಅಲ್ಲಿ ಸಿಗುವುದಿಲ್ಲ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆ. ಗೊಂಬೆಗೆ ಅಂಟಿಸಬೇಡ, ಗೋಂದು ಬಣ್ಣ ಕೀಳುತ್ತದೆ. ಗೊಂಬೆ ಇಡುವ ಡಬ್ಬಿಯೊಳಗೆ ಮಡಿಸಿಡು.