ಎಂಜಿನ್ ಆಯಿಲ್: ಡಬ್ಬಿಯ ಹಿಂಬದಿ ಹೇಳುವುದು

ಸಿಂಥೆಟಿಕ್ ಎಂಜಿನ್ ಆಯಿಲ್‌ಗಳನ್ನು ಹೋಲಿಸುವಾಗ 'ಫುಲ್ ಸಿಂಥೆಟಿಕ್' ಎಂಬ ಮುಂಬದಿಯ ಬರಹವನ್ನು ಬದಿಗಿಡುವುದೇ ಒಳ್ಳೆಯದು. 'ಸಿಂಥೆಟಿಕ್' ಎಂಬ ಪದದ ಕುರಿತು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಎದ್ದ ಜಾಹೀರಾತು ತಕರಾರು ಅಮೆರಿಕದಲ್ಲಿ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಇತ್ಯರ್ಥವಾಯಿತು. ಆಮೇಲೆ ಕಚ್ಚಾ ತೈಲದಿಂದಲೇ ತೆಗೆದು, ಹೈಡ್ರೋಜನ್ ಬಳಸಿ ಸಂಸ್ಕರಿಸಿದ ಗ್ರೂಪ್ 3 ಎಣ್ಣೆಗೂ ಆ ಹೆಸರು ಸಲ್ಲತೊಡಗಿತು. ರಾಸಾಯನಿಕವಾಗಿ ಕಟ್ಟಿದ ಪಿಎಒ ಅಥವಾ ಎಸ್ಟರ್ ಎಣ್ಣೆ ಎಷ್ಟು ಬೆರೆತಿದೆ ಎಂಬುದನ್ನು ಹೆಚ್ಚಿನ ತಯಾರಕರು ಹೇಳುವುದಿಲ್ಲ. ಅಳೆದು ನೋಡಬಹುದಾದ ಸಂಗತಿಗಳಿರುವುದು ಡಬ್ಬಿಯ ಹಿಂಬದಿಯಲ್ಲಿ.

ಮೊದಲನೆಯದು ಎಸ್‌ಎಇ ದರ್ಜೆ. 5ಡಬ್ಲ್ಯೂ-30 ಎಂದರೆ ಆ ಎಣ್ಣೆ ಮೈನಸ್ 30 ಡಿಗ್ರಿಯ ಚಳಿಯಲ್ಲಿಯೂ ಎಂಜಿನ್ ತಿರುಗಲು ಬಿಡುತ್ತದೆ, 100 ಡಿಗ್ರಿ ಕಾವಿನಲ್ಲಿ ಅದರ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರುತ್ತದೆ. ಬೆಂಗಳೂರಿಗೆ ಮುಖ್ಯವಾದದ್ದು ಎರಡನೆಯ ಅಂಕಿ. ಆದರೆ ಎರಡು 5ಡಬ್ಲ್ಯೂ-30 ಡಬ್ಬಿಗಳು ಒಂದೇ ಅಲ್ಲ. ಬೇರಿಂಗ್ ಒಳಗೆ 150 ಡಿಗ್ರಿ ಬಿಸಿಯಲ್ಲಿ, ಬಿರುಸಿನ ಉಜ್ಜಾಟದಲ್ಲಿ ಉಳಿಯುವ ಸ್ನಿಗ್ಧತೆ ಎಸ್‌ಎಇ ಪ್ರಕಾರ 2.9 ಮಿಲಿಪಾಸ್ಕಲ್-ಸೆಕೆಂಡ್ ಇದ್ದರೆ ಸಾಕು. ಯುರೋಪಿನ ಎಸಿಇಎ ಸಂಸ್ಥೆಯ ಸಿ3 ದರ್ಜೆ ಕನಿಷ್ಠ 3.5 ಕೇಳುತ್ತದೆ. ತುಂಬಿದ ಗಾಡಿ ಘಾಟಿ ಏರುವಾಗ ಬೇರಿಂಗನ್ನು ಕಾಯುವುದು ಈ ಅಂತರ.

ಸೇರ್ಪಡೆಗಳ ವಿಷಯದಲ್ಲಿ 'ಹೆಚ್ಚಿದ್ದಷ್ಟೂ ಒಳ್ಳೆಯದು' ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ. ಸತು ಮತ್ತು ರಂಜಕದ ಜೆಡ್‌ಡಿಡಿಪಿ ಕ್ಯಾಮ್ ಸವೆಯದಂತೆ ತಡೆಯುತ್ತದೆ, ಆದರೆ ಅದೇ ರಂಜಕ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷ. ಆದ್ದರಿಂದ 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ 5ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ರಂಜಕ ಶೇ. 0.06ರಿಂದ 0.08ರ ಒಳಗಿರಬೇಕು. ಎಂಜಿನ್ ತೊಳೆಯುವ ಕ್ಯಾಲ್ಸಿಯಂ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳಲು ದಾರಿ ಮಾಡುತ್ತದೆ. ಹಾಗಾಗಿ ಅದನ್ನು ಕಡಿಮೆ ಮಾಡಿ ಮೆಗ್ನೀಸಿಯಂ ಸೇರಿಸುವುದು ಈಗ ರೂಢಿ.

ಬಿಎಸ್6 ಡೀಸೆಲ್ ಗಾಡಿಗೆ ಸಲ್ಫೇಟೆಡ್ ಬೂದಿಯ ಪ್ರಮಾಣ ನೋಡಬೇಕು. ಡಿಪಿಎಫ್ ಫಿಲ್ಟರಿನಲ್ಲಿ ಸೇರಿದ ಮಸಿ ಸುಟ್ಟುಹೋಗುತ್ತದೆ, ಎಣ್ಣೆಯ ಲೋಹಗಳಿಂದ ಬಂದ ಬೂದಿ ಸುಡುವುದಿಲ್ಲ. ಸಿ3ಯಲ್ಲಿ ಅದರ ಮಿತಿ ಶೇ. 0.8, ಎಸಿಇಎಯದೇ ಇನ್ನೊಂದು ದರ್ಜೆಯಾದ ಎ3/ಬಿ4ರಲ್ಲಿ ಶೇ. 1.6ರವರೆಗೂ ಹೋಗಬಹುದು. ಎ3/ಬಿ4 ಕಳಪೆಯಲ್ಲ, ಅದು ಫಿಲ್ಟರ್ ಇಲ್ಲದ ಎಂಜಿನ್ನಿನದು.

ಬೈಕಿನ ಲೆಕ್ಕ ಬೇರೆ. ಅಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಪ್ಲೇಟು ಎಲ್ಲಕ್ಕೂ ಸಾಮಾನ್ಯವಾಗಿ ಒಂದೇ ಎಣ್ಣೆ. ಕಾರಿಗೆಂದು ತಂದ, ಘರ್ಷಣೆ ತಗ್ಗಿಸುವ ತೆಳು ಸಿಂಥೆಟಿಕ್ ಉಳಿಯಿತೆಂದು ಬೈಕಿಗೆ ಸುರಿದರೆ, ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ: ಕ್ಲಚ್ ಸ್ಲಿಪ್. ಪ್ಲೇಟು ಬದಲಿಸುವ ಮೊದಲು ಡಬ್ಬಿಯಲ್ಲಿ ಜಪಾನಿನ ಜಾಸೋ ಮಾನದಂಡದ ಎಂಎ ಅಥವಾ ಎಂಎ2 ಗುರುತು ಇದೆಯೇ ಎಂದು ನೋಡುವುದು ಕ್ಷೇಮ. ಕ್ಲಚ್ ಎಣ್ಣೆಯಲ್ಲಿ ಮುಳುಗದ ಸ್ಕೂಟರುಗಳಿಗೆ ಎಂಬಿ ಸಾಕು.

ಬೆರಳ ನಡುವೆ ತಿಕ್ಕಿ, ಕಪ್ಪಾಗಿದೆ ಎಂದು ಎಣ್ಣೆಯನ್ನು ತಳ್ಳಿಹಾಕುವುದೂ ತಪ್ಪು. ಡಿಸ್ಪರ್ಸೆಂಟ್ ಎಂಬ ಸೇರ್ಪಡೆ ಮಸಿಯನ್ನು ಎಣ್ಣೆಯಲ್ಲೇ ತೇಲಿಸಿ ಹಿಡಿದಿರುವುದರಿಂದ ಡೀಸೆಲ್ ಎಂಜಿನ್ನಿನಲ್ಲಿ ಅದು ಬೇಗ ಕಪ್ಪಾಗಲೇಬೇಕು. ಈ ಡಿಸ್ಪರ್ಸೆಂಟ್ ಸಾಮಾನ್ಯವಾಗಿ ಸಾರಜನಕದ ಸಂಯುಕ್ತ. ಪ್ರಯೋಗಾಲಯ ಕೊಡುವ ಸತು, ಕ್ಯಾಲ್ಸಿಯಂ, ಮಾಲಿಬ್ಡಿನಂಗಳ ಪಿಪಿಎಂ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಆ ಪಟ್ಟಿಯೊಂದನ್ನೇ ಹಿಡಿದು ಎಣ್ಣೆಗಳಿಗೆ ಅಂಕ ಕೊಡಲಾಗದು.

ಕೊನೆಗೆ ತಯಾರಕರ ಅನುಮೋದನೆ. 'ಎಂಬಿ 229.51 ಅನುಮೋದನೆ ಪಡೆದಿದೆ' ಎಂಬುದಕ್ಕೂ 'ಅದರ ಅಗತ್ಯಗಳಿಗೆ ತಕ್ಕದ್ದು' ಎಂಬುದಕ್ಕೂ ವ್ಯತ್ಯಾಸವಿದೆ: ಮೊದಲನೆಯದನ್ನು ಮರ್ಸಿಡಿಸ್ ಬೆಂಜ್ ಕೊಟ್ಟಿರುತ್ತದೆ, ಎರಡನೆಯದನ್ನು ಎಣ್ಣೆ ಮಾರುವವರೇ ಹೇಳಿಕೊಂಡಿರುತ್ತಾರೆ. ಅನುಮೋದಿತ ಎಣ್ಣೆಗಳ ಪಟ್ಟಿಯನ್ನು ಆ ಕಂಪನಿ ಸಾರ್ವಜನಿಕವಾಗಿ ಪ್ರಕಟಿಸುತ್ತದೆ; ಡಬ್ಬಿಯ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಹುಡುಕಿ ನೋಡಬಹುದು.