ಟ್ಯಾಕ್ಸ್ ಸೊನ್ನೆ, ಕರೆಂಟ್ ಬಿಲ್ ಸೊನ್ನೆಯಲ್ಲ

2024ರ ಮಧ್ಯದಲ್ಲಿ ಬನಶಂಕರಿಯ ಷೋರೂಂ ಒಂದರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ವಿಚಾರಿಸಿದೆ. ಅಲ್ಲಿನ ಹುಡುಗ ಕೊಟೇಶನ್ ಚೀಟಿಯಲ್ಲಿ ರೋಡ್ ಟ್ಯಾಕ್ಸ್ ಸಾಲಿನ ಸೊನ್ನೆಗೆ ಪೆನ್ನಿನಲ್ಲಿ ಸುತ್ತುಹಾಕಿ, "ಸರ್, ಇಲ್ಲೇ ಇಪ್ಪತ್ತೊಂದು ಸಾವಿರ ಉಳೀತು ನಿಮಗೆ" ಎಂದ.

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಲಕ್ಷ ದಾಟಿದ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಕರ್ನಾಟಕದಲ್ಲಿ ಶೇ 18 ಜೀವಾವಧಿ ತೆರಿಗೆ, 1.2 ಲಕ್ಷಕ್ಕೆ 21,600 ರೂಪಾಯಿ. ಆದರೆ ನನ್ನ ಮುಂದಿದ್ದ ಇನ್ನೊಂದು ಆಯ್ಕೆ 85 ಸಾವಿರದ ಪೆಟ್ರೋಲ್ ಸ್ಕೂಟರ್. ಅದಕ್ಕೆ ಶೇ 12ರ ದರ, ಹತ್ತು ಸಾವಿರದ ಮೇಲೆ ಒಂದಿಷ್ಟು ಸೆಸ್. ವಿಮೆಯನ್ನೂ ಸೇರಿಸಿದರೆ ಎರಡರ ಆನ್‌ರೋಡ್ ಅಂತರ 25 ಸಾವಿರದ ಆಸುಪಾಸು ಬಂತು.

ಆ ಜೂನ್‌ನಲ್ಲಷ್ಟೇ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತ್ತು. ಬೆಂಗಳೂರಿನಲ್ಲಿ ಲೀಟರಿಗೆ 102.86 ಆಯಿತು. ಸರ್ಕಾರ ಹಾಗೆ ಹೇಳದಿದ್ದರೂ ನಾನಿದನ್ನೂ ಇವಿ ನೀತಿಯೆಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. ನನ್ನ ಓಡಾಟ ತಿಂಗಳಿಗೆ 750 ಕಿ.ಮೀ. ಲೀಟರಿಗೆ 45 ಕೊಟ್ಟರೂ ಪೆಟ್ರೋಲಿಗೆ 1,700 ರೂಪಾಯಿ ಬೇಕು. ಅಷ್ಟೇ ದೂರಕ್ಕೆ ಕರೆಂಟ್ ಸುಮಾರು 30 ಯೂನಿಟ್, ಹೆಚ್ಚೆಂದರೆ 180 ರೂಪಾಯಿ. ತಿಂಗಳಿಗೆ ಒಂದೂವರೆ ಸಾವಿರ ಉಳಿದರೆ ಅಂತರದ ಹಣ ಒಂದೂವರೆ ವರ್ಷದೊಳಗೆ ಕೈಸೇರುತ್ತದೆ. ತೆರಿಗೆ ವಿನಾಯಿತಿ ಇಲ್ಲದಿದ್ದರೆ ಎರಡೂವರೆ ವರ್ಷ ದಾಟುತ್ತಿತ್ತು. ರಾಜ್ಯದ ಕೊಡುಗೆ ಅಂದರೆ ಒಂದು ವರ್ಷದ ಚಿಲ್ಲರೆ. ಕಡಿಮೆಯೇನಲ್ಲ.

ಇವಿ ನೀತಿಯನ್ನು 2017ರಲ್ಲಿ ದೇಶಕ್ಕೇ ಮೊದಲು ತಂದ ರಾಜ್ಯ ನಮ್ಮದು. ಆದರೂ ಕೊಳ್ಳುವವರ ಕೈಗೆ ಇಲ್ಲಿ ನೇರ ಸಬ್ಸಿಡಿ ಇಲ್ಲ. ದೆಹಲಿಯ 2020ರ ನೀತಿ ದ್ವಿಚಕ್ರ ವಾಹನಕ್ಕೆ 30 ಸಾವಿರದವರೆಗೆ ಕೊಡುತ್ತೇವೆಂದಿತು. ಎಷ್ಟೋ ಜನ ಆ ದುಡ್ಡಿಗಾಗಿ ಬಹುಕಾಲ ಕಾಯಬೇಕಾಯಿತು. ಕೊಡುತ್ತೇನೆ ಅನ್ನುವುದಕ್ಕಿಂತ ಕೇಳುವುದೇ ಇಲ್ಲ ಅನ್ನುವ ಸರ್ಕಾರ ನನಗೆ ಮೇಲು. ಅರ್ಜಿ ಹಾಕುವಂತಿಲ್ಲ, ಅಲೆಯುವಂತಿಲ್ಲ.

ಇದೂ ಶಾಶ್ವತವಲ್ಲ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲೇ ಶೇ 10 ತೆರಿಗೆ ಬಂತು. ಕೇಂದ್ರದ ಸಬ್ಸಿಡಿಯೂ ಕಿಲೋವಾಟ್ ಅವರ್‌ಗೆ 15,000 ಇದ್ದದ್ದು 2023ರ ಜೂನ್‌ನಲ್ಲಿ 10,000ಕ್ಕೆ, ಮರುವರ್ಷದ ಏಪ್ರಿಲ್‌ನಲ್ಲಿ 5,000ಕ್ಕೆ ಇಳಿಯಿತು. ಹಾಗಾಗಿ ವಿನಾಯಿತಿ ಇದ್ದರೆ ಮಾತ್ರ ಗಿಟ್ಟುವ ಗಾಡಿಯನ್ನು ಸಾಲ ಮಾಡಿ ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಕೊಟೇಶನ್ನಿನಲ್ಲಿ ಕಾಣದ ಬಾಬ್ತು ಇನ್ನೊಂದಿದೆ: ಗೃಹಜ್ಯೋತಿ. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ನಮ್ಮ ಮನೆಗೆ ಅದು 165. ನಾವು ಬಳಸುವುದು 150ರ ಹತ್ತಿರ. ಸ್ಕೂಟರಿನ 30 ಸೇರಿ 180 ಆದರೆ ಹೆಚ್ಚುವರಿ 15 ಯೂನಿಟ್ಟಿಗಷ್ಟೇ ದುಡ್ಡು, ನೂರು ರೂಪಾಯಿ ಆಸುಪಾಸು. ತೊಂದರೆ ಇರುವುದು 200ರ ಗೆರೆಯಲ್ಲಿ. ಅದನ್ನು ದಾಟಿದರೆ ಉಚಿತದ್ದೆಲ್ಲ ಹೋಗಿ ಪೂರ್ತಿ ಬಿಲ್ ಕಟ್ಟಬೇಕು. 2025ರ ಬೇಸಿಗೆಯಲ್ಲಿ ಕೂಲರ್ ಹಗಲೂ ರಾತ್ರಿ ತಿರುಗಿ ಮೀಟರ್ 205 ತೋರಿಸಿತು. ನಿಗದಿತ ಶುಲ್ಕ, ವಿದ್ಯುತ್ ತೆರಿಗೆ ಎಲ್ಲ ಸೇರಿ ಬಿಲ್ ಒಂದೂವರೆ ಸಾವಿರ ದಾಟಿತು. ಐದೇ ಯೂನಿಟ್ಟಿಗೆ ಆ ತಿಂಗಳ ಪೆಟ್ರೋಲ್ ಉಳಿತಾಯವೆಲ್ಲ ಗುಳುಂ! ಈಗ ತಿಂಗಳ ಕೊನೆಯ ವಾರ ನಮ್ಮವಳು ಮೀಟರ್ ನೋಡಿ ಬಂದು, "ರೀ, ಇವತ್ತು ಆಫೀಸಲ್ಲೇ ಚಾರ್ಜ್ ಹಾಕ್ಕೊಳ್ಳಿ" ಎನ್ನುತ್ತಾಳೆ. ಆಫೀಸಿನ ನೆಲಮಾಳಿಗೆಯಲ್ಲಿ ಇರುವುದು ಎರಡೇ ಪ್ಲಗ್. ಎಂಟೂವರೆಗೆ ಮುಂಚೆ ಹೋದವರಿಗೆ ಸಿಕ್ಕಿತು.

ಪಕ್ಕದ ಮನೆಯ ಮೇಷ್ಟ್ರು ಮೊನ್ನೆ ತಮಗೂ ಒಂದು ಕೊಡಿಸು ಎಂದರು. ನಿವೃತ್ತರು; ದೇವಸ್ಥಾನ, ತರಕಾರಿ, ಬ್ಯಾಂಕು ಎಂದು ತಿಂಗಳಿಗೆ 150 ಕಿ.ಮೀ. ದಾಟದು. ಅವರಿಗೆ ಉಳಿಯುವುದು ಮುನ್ನೂರು ರೂಪಾಯಿ. ಹೊಸ ಪೆಟ್ರೋಲ್ ಗಾಡಿಗಿಂತ ಹೆಚ್ಚು ಕೊಟ್ಟ 25 ಸಾವಿರ ಹುಟ್ಟಲು ಏಳು ವರ್ಷ ಬೇಕು. ಅವರ ಹಳೆಯ ಸ್ಕೂಟರಂತೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. "ಸರ್, ಎಮಿಷನ್ ಟೆಸ್ಟ್ ಮಾಡಿಸಿ, ಇದನ್ನೇ ಓಡಿಸಿ" ಎಂದೆ. ಮಗ ದುಡ್ಡು ಕಳಿಸಿದ್ದಾನಂತೆ, ಸ್ವಲ್ಪ ಮುನಿಸಿಕೊಂಡರು.