ಚಿತ್ರಫಲಕದಿಂದ ಮಾರುಕಟ್ಟೆಗೆ: ಕರಕುಶಲ ಉದ್ದಿಮೆಗಳು ಅರಿಯಬೇಕಾದ ಲೆಕ್ಕಾಚಾರ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಸಂಚರಿಸಿದವರಿಗೆಲ್ಲ ಚನ್ನಪಟ್ಟಣದ ಗೊಂಬೆ ಅಂಗಡಿಗಳು ಚಿರಪರಿಚಿತ. ಪ್ರಯಾಣಿಕರು ಕಾಫಿಗೆಂದು ವಾಹನ ನಿಲ್ಲಿಸುವುದು, ಬಣ್ಣದ ಗೊಂಬೆಗಳನ್ನು ಕಂಡು ಮಕ್ಕಳು ಹಟ ಹಿಡಿಯುವುದು, ತಂದೆತಾಯಿಯರು ಒಂದೆರಡು ಕೊಳ್ಳುವುದು, ಇದೇ ಈ ಅಂಗಡಿಗಳ ವ್ಯಾಪಾರ ಕ್ರಮವಾಗಿತ್ತು. ಮಾರ್ಚ್ 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಲೋಕಾರ್ಪಣೆಗೊಂಡಿತು. ಅದು ಪಟ್ಟಣವನ್ನು ಪ್ರವೇಶಿಸದೆ ಹೊರವಲಯದಿಂದಲೇ ಸಾಗುತ್ತದೆ. ಪ್ರಯಾಣದ ಅವಧಿ ಕಡಿಮೆಯಾಯಿತು. ಅದರೊಂದಿಗೆ ಅಂಗಡಿಯ ಮುಂದೆ ನಿಲ್ಲುವ ವಾಹನಗಳೂ ಕಡಿಮೆಯಾದವು.

ಗಿರಾಕಿಯ ದಾರಿ ಬದಲಾದರೆ ವ್ಯಾಪಾರಿಯ ದಾರಿಯೂ ಬದಲಾಗಬೇಕಾಗುತ್ತದೆ. ಕಣ್ಣಿಗೆ ಬಿದ್ದರೆ ಮಾರಾಟವಾಗುವ ಸರಕಿಗೆ ಇಂದು ಲಭ್ಯವಿರುವ ಹೊಸ ರಸ್ತೆಬದಿಯೆಂದರೆ ಅಂತರ್ಜಾಲದ ಚಿತ್ರಫಲಕಗಳು. ಆದರೆ ಅಲ್ಲಿ ಚಿತ್ರ ಏರಿಸುವುದು ಉಚಿತವೆಂಬ ಒಂದೇ ಕಾರಣಕ್ಕೆ ಲೆಕ್ಕವಿಡದೆ, ನಿಯಮ ತಿಳಿಯದೆ ಮುಂದುವರಿಯುವುದು ಜಾಣತನವಲ್ಲ. ಚನ್ನಪಟ್ಟಣದ ಮರದ ಗೊಂಬೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯದ ವ್ಯಾವಹಾರಿಕ ಮತ್ತು ಕಾನೂನು ಅಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಇಳಕಲ್ ಸೀರೆ, ಕಿನ್ನಾಳದ ಗೊಂಬೆ, ಬಿದರಿ ಪಾತ್ರೆ, ನವಲಗುಂದದ ಜಮಖಾನೆಗಳ ತಯಾರಕರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಚಿತ್ರಫಲಕವೆಂದರೇನು?

ಈ ಬಗೆಯ ತಾಣಗಳಲ್ಲಿ ಪ್ರಮುಖವಾದುದು 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಪಿಂಟರೆಸ್ಟ್. ಗೃಹಿಣಿಯೊಬ್ಬರು ಪತ್ರಿಕೆಗಳಿಂದ ಮೆಚ್ಚಿನ ಚಿತ್ರಗಳನ್ನು ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಟ್ಟುಕೊಳ್ಳುವ ಹವ್ಯಾಸಕ್ಕೆ ಇದನ್ನು ಹೋಲಿಸಬಹುದು. ಇಲ್ಲಿ ಪ್ರತಿ ಚಿತ್ರಕ್ಕೆ ‘ಪಿನ್’ ಎಂದೂ, ಒಂದು ವಿಷಯದ ಚಿತ್ರಗಳನ್ನು ಸೇರಿಸಿಟ್ಟ ಫಲಕಕ್ಕೆ ‘ಬೋರ್ಡ್’ ಎಂದೂ ಹೆಸರು. ಪ್ರತಿ ಪಿನ್‌ಗೆ ತಯಾರಕರ ಜಾಲತಾಣದ ಕೊಂಡಿಯನ್ನು ಜೋಡಿಸಬಹುದು. ವ್ಯಾಪಾರ ಖಾತೆ ತೆರೆಯಲು ಶುಲ್ಕವಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಇಂದಿನ ಚಿತ್ರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯುತ್ತದೆ. ಚಿತ್ರಫಲಕವಾದರೋ ಹುಡುಕುವವರ ತಾಣ. ‘ಒಂದು ವರ್ಷದ ಮಗುವಿಗೆ ಉಡುಗೊರೆ’ ಎಂದು ಒಬ್ಬರು ಹುಡುಕಿದಾಗ ಆರು ತಿಂಗಳ ಹಿಂದೆ ಏರಿಸಿದ ಗಿಲಕಿಯ ಚಿತ್ರವೂ ಅವರ ಮುಂದೆ ಬರಬಹುದು. ಆದ್ದರಿಂದ ಇದರ ಫಲ ನಿಧಾನ, ಬಾಳಿಕೆ ಹೆಚ್ಚು. ತೆಂಗಿನ ಸಸಿ ನೆಟ್ಟು ಮರುದಿನವೇ ಕಾಯಿ ಎಣಿಸಲಾಗದು.

ಚಿತ್ರ ಮತ್ತು ವಿವರಣೆ

ಫಲಕದಲ್ಲಿ ಅಗಲಕ್ಕಿಂತ ಎತ್ತರ ಹೆಚ್ಚಿರುವ ಚಿತ್ರಗಳು ಚೆನ್ನಾಗಿ ಕಾಣುತ್ತವೆ. ಅಗಲ 2 ಭಾಗ, ಎತ್ತರ 3 ಭಾಗವಿರುವ ಅಳತೆಯನ್ನು ಸಂಸ್ಥೆಯೇ ಶಿಫಾರಸು ಮಾಡುತ್ತದೆ. ಬೆಳಗಿನ ಬೆಳಕು, ಸರಳ ಹಿನ್ನೆಲೆ ಮತ್ತು ಸಾಧಾರಣ ಮೊಬೈಲ್ ಕ್ಯಾಮೆರಾ ಇದ್ದರೆ ಸಾಕು. ಗಾತ್ರ ತಿಳಿಯುವಂತೆ ಒಂದು ಚಿತ್ರದಲ್ಲಾದರೂ ಗೊಂಬೆ ಕೈಯಲ್ಲಿರಬೇಕು.

ಕರಕುಶಲ ವಸ್ತುವಿಗೆ ಯಂತ್ರದ ಸರಕಿಗಿಲ್ಲದ ಅನುಕೂಲವೊಂದಿದೆ. ಅದು ತಯಾರಿಕೆಯ ಕ್ರಮವೇ ಆಗಿದೆ. ಹಾಲೆ ಮರದ ತುಂಡು ಲೇತ್ ಮೇಲೆ ತಿರುಗುವುದು, ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುವುದು, ಕೇದಗೆಯ ಎಲೆಯಿಂದ ಉಜ್ಜಿದಾಗ ಹೊಳಪೇರುವುದು, ಇವುಗಳನ್ನು ಮೂರು ನಾಲ್ಕು ಚಿತ್ರಗಳಲ್ಲಿ ತೋರಿಸಿದರೆ ಬೆಲೆ ಏಕೆ ಹೆಚ್ಚೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ವಿವರಣೆಯನ್ನು ತಯಾರಕರ ಭಾಷೆಯಲ್ಲಲ್ಲ, ಹುಡುಕುವವರ ಭಾಷೆಯಲ್ಲಿ ಬರೆಯಬೇಕು. ‘ಮಾದರಿ ಸಂಖ್ಯೆ 14’ ಎಂದು ಯಾರೂ ಹುಡುಕುವುದಿಲ್ಲ. ‘ಮಗುವಿಗೆ ಮರದ ಗಿಲಕಿ’ ಎಂದು ಹುಡುಕುತ್ತಾರೆ. ಇಂಗ್ಲಿಷಿನಲ್ಲಿ ಹುಡುಕುವವರಿಗಾಗಿ ಆ ಭಾಷೆಯ ಪದಗಳೂ ಇರಲಿ. ಹಬ್ಬದ ಸರಕಿನ ಚಿತ್ರಗಳು ಹಬ್ಬಕ್ಕೆ ಮುಂಚಿತವಾಗಿಯೇ ಫಲಕದಲ್ಲಿರಬೇಕು. ದಸರಾ ಗೊಂಬೆಗಳ ಚಿತ್ರವನ್ನು ಮಹಾಲಯ ಅಮಾವಾಸ್ಯೆಯಂದು ಏರಿಸಿದರೆ ಪ್ರಯೋಜನ ಅತ್ಯಲ್ಪ. ಆಷಾಢದಲ್ಲೇ ಏರಿಸುವುದು ಲೇಸು.

ಯಾವ ಅಂಕಿಯನ್ನು ನೋಡಬೇಕು?

ವ್ಯಾಪಾರ ಖಾತೆ ಹೊಂದಿದವರಿಗೆ ಹಲವು ಅಂಕಿ ಅಂಶಗಳು ದೊರೆಯುತ್ತವೆ. ಚಿತ್ರ ಎಷ್ಟು ಬಾರಿ ಕಾಣಿಸಿಕೊಂಡಿತು, ಎಷ್ಟು ಜನ ಅದನ್ನು ಉಳಿಸಿಕೊಂಡರು, ಎಷ್ಟು ಜನ ಕೊಂಡಿಯನ್ನು ಒತ್ತಿ ಜಾಲತಾಣಕ್ಕೆ ಬಂದರು ಎಂಬ ಮೂರು ಮುಖ್ಯ. ಮೊದಲನೆಯದು ದಾರಿಹೋಕರ ಸಂಖ್ಯೆ, ಎರಡನೆಯದು ನಿಂತು ನೋಡಿದವರದು, ಮೂರನೆಯದು ಅಂಗಡಿಯೊಳಗೆ ಕಾಲಿಟ್ಟವರದು. ಇವುಗಳಲ್ಲಿ ಯಾವುದೂ ಮಾರಾಟವಲ್ಲ. ಮಾರಾಟದ ಅಂಕಿ ಉದ್ದಿಮೆಯ ಲೆಕ್ಕಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಪ್ರತಿ ಬೇಡಿಕೆ ಎಲ್ಲಿಂದ ಬಂದಿತೆಂದು ಗ್ರಾಹಕರನ್ನು ವಿಚಾರಿಸಿ, ಆರ್ಡರ್ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಡುವುದು ಅಗತ್ಯ.

ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ಗೊಂಬೆಗಳ ಒಂದು ಸೆಟ್ಟಿನ ಮಾರಾಟ ಬೆಲೆ 850 ರೂಪಾಯಿ ಎಂದಿಟ್ಟುಕೊಳ್ಳೋಣ. ಕಚ್ಚಾಮಾಲು 180, ಕೂಲಿ 270, ಪ್ಯಾಕಿಂಗ್ 60, ಅಂಚೆ ವೆಚ್ಚ 90, ಹಣ ಪಾವತಿ ಸೇವೆಯ ಶುಲ್ಕ 17, ಒಟ್ಟು 617 ರೂಪಾಯಿ. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟರೆ ಪ್ರತಿ ಸೆಟ್ಟಿನಿಂದ ಉಳಿಯುವುದು 233 ರೂಪಾಯಿ. ಛಾಯಾಗ್ರಹಣಕ್ಕೆ 6,000 ರೂಪಾಯಿ ಖರ್ಚಾಯಿತು. ಚಿತ್ರ ಏರಿಸಲು, ವಿವರಣೆ ಬರೆಯಲು ಮನೆಯವರೇ 20 ಗಂಟೆ ದುಡಿದರು. ಗಂಟೆಗೆ 150 ರೂಪಾಯಿಯಂತೆ ಅದರ ಮೌಲ್ಯ 3,000. ಒಟ್ಟು ಪ್ರಚಾರ ವೆಚ್ಚ 9,000 ರೂಪಾಯಿ.

ಮೊದಲ ತಿಂಗಳು 30 ಬೇಡಿಕೆಗಳು ಬಂದರೆ ಪ್ರತಿ ಬೇಡಿಕೆಗೆ ತಗುಲಿದ ಪ್ರಚಾರ ವೆಚ್ಚ 300 ರೂಪಾಯಿ. ಅಂದರೆ ಸೆಟ್ಟಿಗೆ 67 ರೂಪಾಯಿ ನಷ್ಟ. ಇಲ್ಲಿಗೇ ನಿರಾಶರಾಗಿ ಬಿಟ್ಟುಬಿಡುವವರುಂಟು. ಆದರೆ ಅದೇ ಚಿತ್ರಗಳಿಂದ ಎರಡನೆಯ ತಿಂಗಳು 25, ಮೂರನೆಯ ತಿಂಗಳು 20 ಬೇಡಿಕೆಗಳು ಬಂದರೆ ಒಟ್ಟು 75 ಆಗಿ, ಪ್ರತಿ ಬೇಡಿಕೆಯ ಪ್ರಚಾರ ವೆಚ್ಚ 120 ರೂಪಾಯಿಗೆ ಇಳಿಯುತ್ತದೆ. ಮೂರು ತಿಂಗಳ ಉಳಿಕೆ 17,475 ರೂಪಾಯಿ. 9,000 ಕಳೆದರೆ 8,475 ರೂಪಾಯಿ ಲಾಭ. 39ನೆಯ ಬೇಡಿಕೆಗೆ ಹಾಕಿದ ಹಣ ಮರಳಿ ಬರುತ್ತದೆ. ಹೀಗಾಗಿ ಒಂದೇ ತಿಂಗಳಲ್ಲಿ ತೀರ್ಪು ನೀಡಬಾರದು. ಆದರೆ ಎಷ್ಟು ಬೇಡಿಕೆಗೆ ಖರ್ಚು ಹುಟ್ಟುತ್ತದೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಆರಂಭಿಸಲೂ ಬಾರದು. ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬೆಲೆ ನಿರ್ಧಾರವೇ ತಪ್ಪುತ್ತದೆ ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ.

ಸಾಮರ್ಥ್ಯ ಮೀರಿದ ಬೇಡಿಕೆ

ತಿಂಗಳಿಗೆ 60 ಸೆಟ್ ತಯಾರಿಸಬಲ್ಲ ಕಾರ್ಯಾಗಾರ ಸಗಟು ವ್ಯಾಪಾರಿಗೆ 40 ಸೆಟ್ ಒಪ್ಪಿಕೊಂಡಿದ್ದರೆ ಫಲಕದ ಗ್ರಾಹಕರಿಗೆ ಉಳಿಯುವುದು 20 ಮಾತ್ರ. ಮೇಲಿನ ಲೆಕ್ಕದ 30 ಬೇಡಿಕೆಗಳು ಒಮ್ಮೆಲೇ ಬಂದರೆ ಹತ್ತು ಗ್ರಾಹಕರು ಕಾಯಬೇಕು, ಇಲ್ಲವೇ ಹಳೆಯ ಸಗಟು ವ್ಯಾಪಾರಿ ಮುನಿಯಬೇಕು. ಚೆನ್ನಾಗಿ ಒಣಗದ ಮರವನ್ನು ಅವಸರಕ್ಕೆ ಬಳಸಿದರೆ ಗೊಂಬೆ ಬಿರುಕು ಬಿಟ್ಟು ಹೆಸರು ಕೆಡುತ್ತದೆ. ಆದ್ದರಿಂದ ಸಿದ್ಧ ದಾಸ್ತಾನು ಎಷ್ಟಿದೆ, ಇಲ್ಲದಿದ್ದರೆ ತಯಾರಿಕೆಗೆ ಎಷ್ಟು ದಿನ ಬೇಕು ಎಂಬುದನ್ನು ಜಾಲತಾಣದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಪೂರೈಸಲಾಗದ ವಸ್ತುವಿನ ಕೊಂಡಿಯನ್ನು ತಾತ್ಕಾಲಿಕವಾಗಿ ಬೇರೆ ವಸ್ತುವಿನ ಪುಟಕ್ಕೆ ತಿರುಗಿಸುವುದಕ್ಕಿಂತ ‘ದಾಸ್ತಾನು ಮುಗಿದಿದೆ’ ಎಂದು ತಿಳಿಸುವುದೇ ಪ್ರಾಮಾಣಿಕ ಕ್ರಮ.

ತೆರಿಗೆಯ ಗಡಿ

ರಸ್ತೆಬದಿಯ ಅಂಗಡಿಯಲ್ಲಿ ಕೈಗೆ ಕೈ ನಡೆಯುವ ಮಾರಾಟ ರಾಜ್ಯದೊಳಗಿನ ವ್ಯವಹಾರ. ಚಿತ್ರಫಲಕವನ್ನು ನೋಡಿ ಬರುವ ಬೇಡಿಕೆ ಪುಣೆಯಿಂದಲೂ ಬರಬಹುದು, ಕೊಚ್ಚಿಯಿಂದಲೂ ಬರಬಹುದು. ಸಣ್ಣ ಉದ್ದಿಮೆದಾರರು ಎಡವುವುದು ಇಲ್ಲಿಯೇ.

ರಾಜ್ಯದೊಳಗೆ ಸರಕುಗಳನ್ನಷ್ಟೇ ಮಾರುವವರಿಗೆ ಸಾಮಾನ್ಯವಾಗಿ 40 ಲಕ್ಷ ರೂಪಾಯಿ ವಾರ್ಷಿಕ ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಅಂತರರಾಜ್ಯ ಮಾರಾಟಕ್ಕಾದರೋ ಮೊದಲ ವ್ಯವಹಾರದಿಂದಲೇ ನೋಂದಣಿ ಅಗತ್ಯ ಎಂಬುದು ಸಾಮಾನ್ಯ ನಿಯಮ. ಆದರೆ ಅಧಿಸೂಚನೆಯಲ್ಲಿ ಪಟ್ಟಿ ಮಾಡಿರುವ ಕರಕುಶಲ ವಸ್ತುಗಳಿಗೆ 2017ರಿಂದ ವಿನಾಯಿತಿಯಿದೆ. ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿಯಿಲ್ಲದೆಯೂ ಹೊರರಾಜ್ಯಕ್ಕೆ ಮಾರಬಹುದು. ಇದಕ್ಕೆ ಎರಡು ಷರತ್ತುಗಳಿವೆ: ಪ್ಯಾನ್ ಸಂಖ್ಯೆ ಇರಬೇಕು ಮತ್ತು ಸರಕಿನ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಪಡೆಯಬೇಕು. ಸಾಮಾನ್ಯ ಸರಕಿಗಿರುವ 50,000 ರೂಪಾಯಿಯ ಮಿತಿ ಈ ಸಂದರ್ಭದಲ್ಲಿ ಅನ್ವಯಿಸುವುದಿಲ್ಲ. 850 ರೂಪಾಯಿಯ ಗೊಂಬೆಗೂ ಇ-ವೇ ಬಿಲ್ ಬೇಕೆಂಬುದು ಅನೇಕರಿಗೆ ತಿಳಿದಿಲ್ಲ.

ಕಾಂಪೋಸಿಷನ್ ಯೋಜನೆಯಲ್ಲಿರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಆ ಯೋಜನೆಯಲ್ಲಿರುವವರು ಅಂತರರಾಜ್ಯ ಮಾರಾಟ ಮಾಡುವಂತಿಲ್ಲ. ಹೊರರಾಜ್ಯದ ಒಂದೇ ಒಂದು ಬೇಡಿಕೆಯನ್ನು ಪೂರೈಸಿದರೂ ಯೋಜನೆಯ ಅರ್ಹತೆ ಕೈತಪ್ಪುತ್ತದೆ. ಫಲಕದ ಮೂಲಕ ದೇಶವಿಡೀ ಮಾರುವ ಉದ್ದೇಶವಿದ್ದರೆ ಮೊದಲೇ ಆ ಯೋಜನೆಯಿಂದ ಹೊರಬಂದು ನಿಯಮಿತ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬೇಕು. ವಿದೇಶದಿಂದ ಬೇಡಿಕೆ ಬಂದರೆ ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯುವುದು ಮೊದಲ ಹೆಜ್ಜೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕ ಸಣ್ಣ ಪೊಟ್ಟಣಗಳನ್ನು ರಫ್ತು ಮಾಡುವ ಸೌಲಭ್ಯವಿದೆ. ತೆರಿಗೆ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆರಂಭಿಸುವ ಮುನ್ನ ಆಗ ಜಾರಿಯಲ್ಲಿರುವ ಅಧಿಸೂಚನೆಯನ್ನು ಪರಿಶೀಲಿಸುವುದು ಕ್ಷೇಮ.

ಹೆಸರು, ಸುರಕ್ಷತೆ ಮತ್ತು ವಿನ್ಯಾಸ

‘ಚನ್ನಪಟ್ಟಣದ ಗೊಂಬೆ’ ಎಂಬುದು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿರುವ ಹೆಸರು. ಬೇರೆಡೆ ತಯಾರಾದ ವಸ್ತುವಿನ ಚಿತ್ರದ ಕೆಳಗೆ ಈ ಹೆಸರನ್ನು ಬರೆಯುವುದು ಅಪರಾಧ. ಸ್ಥಳೀಯ ತಯಾರಕರೂ ಭೌಗೋಳಿಕ ಸೂಚಕ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ರಾಗಿ ಹೆಸರು ನೋಂದಾಯಿಸಿಕೊಳ್ಳುವುದು ಅಗತ್ಯ. ಇದಕ್ಕೆ ಮತ್ತೊಂದು ಕಾರಣವೂ ಇದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಡಿಸೆಂಬರ್ 2020ರ ತಿದ್ದುಪಡಿಯಂತೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ನೋಂದಾಯಿತ ಒಡೆಯರು ಮತ್ತು ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗಳಿಗೂ ವಿನಾಯಿತಿಯಿದೆ. ಕುಶಲಕರ್ಮಿಯೆಂಬ ಗುರುತಿನ ಚೀಟಿಯಾಗಲಿ, ಬಳಕೆದಾರರ ನೋಂದಣಿಯಾಗಲಿ ಇಲ್ಲದವರಿಗೆ ಈ ವಿನಾಯಿತಿ ದೊರೆಯದು.

ಕೊನೆಯದಾಗಿ ವಿನ್ಯಾಸದ ವಿಷಯ. ಹೊಸ ಬಗೆಯ ಗೊಂಬೆಯೊಂದನ್ನು ರೂಪಿಸಿದ ಉತ್ಸಾಹದಲ್ಲಿ ಅಂದೇ ಅದರ ಚಿತ್ರವನ್ನು ಏರಿಸುವುದು ಸಹಜ. ಆದರೆ ವಿನ್ಯಾಸ ಕಾಯಿದೆ, 2000ರ ಪ್ರಕಾರ ಅರ್ಜಿ ಸಲ್ಲಿಸುವುದಕ್ಕೆ ಮುಂಚೆ ಸಾರ್ವಜನಿಕವಾಗಿ ಬಹಿರಂಗಗೊಂಡ ವಿನ್ಯಾಸವನ್ನು ನೋಂದಾಯಿಸಲಾಗದು. ತಯಾರಕರೇ ಏರಿಸಿದ ಚಿತ್ರವು ಅವರ ಅರ್ಜಿಗೇ ಅಡ್ಡಿಯಾಗುತ್ತದೆ. ನೋಂದಣಿಯಾದರೆ ಮೊದಲು 10 ವರ್ಷ, ನಂತರ ವಿಸ್ತರಣೆ ಪಡೆದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಎಲ್ಲ ಮಾದರಿಗಳಿಗೂ ಈ ಖರ್ಚು ಬೇಕಿಲ್ಲ. ಆದರೆ ಯಾವ ವಿನ್ಯಾಸದ ಮೇಲೆ ಉದ್ದಿಮೆಯ ಭವಿಷ್ಯ ನಿಂತಿದೆಯೋ ಅದಕ್ಕೆ ಮೊದಲು ಅರ್ಜಿ, ಬಳಿಕ ಚಿತ್ರ ಎಂಬ ಕ್ರಮವನ್ನು ತಪ್ಪದೆ ಪಾಲಿಸಬೇಕು.

ಅನುಸರಿಸಬೇಕಾದ ಕ್ರಮ

ಸಂಕ್ಷಿಪ್ತವಾಗಿ ಹೇಳುವುದಾದರೆ, ಚಿತ್ರ ಏರಿಸುವ ಮುನ್ನ ಉದ್ದಿಮೆದಾರರು ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು.

1. ಮನೆಯವರ ದುಡಿಮೆಯೂ ಸೇರಿ ಈ ವಸ್ತುವಿನ ನಿಜವಾದ ವೆಚ್ಚವೆಷ್ಟು?
2. ಪ್ರಚಾರದ ಖರ್ಚು ಹುಟ್ಟಲು ಎಷ್ಟು ಬೇಡಿಕೆಗಳು ಬೇಕು?
3. ತಿಂಗಳಿಗೆ ಎಷ್ಟನ್ನು ಕಾಲಕ್ಕೆ ಸರಿಯಾಗಿ ಪೂರೈಸಬಹುದು?
4. ಹೊರರಾಜ್ಯದ ಬೇಡಿಕೆ ಬಂದರೆ ತೆರಿಗೆ ದಾಖಲೆಗಳು ಸಿದ್ಧವಿವೆಯೇ?
5. ಹೆಸರು, ಸುರಕ್ಷತೆ ಮತ್ತು ವಿನ್ಯಾಸದ ನೋಂದಣಿ ಆಗಿದೆಯೇ?

ಹೆದ್ದಾರಿ ಬದಲಾದುದಕ್ಕೆ ಗೊಂಬೆ ತಯಾರಕರು ಹೊಣೆಯಲ್ಲ. ಆ ನಷ್ಟವನ್ನು ತುಂಬಿಕೊಳ್ಳುವ ದಾರಿಯನ್ನು ಹುಡುಕುವ ಹೊಣೆ ಮಾತ್ರ ಅವರ ಮೇಲೆ ಬಿದ್ದಿದೆ. ಚಿತ್ರಫಲಕವು ಅಂಗಡಿಯ ಗಾಜಿನ ಕಪಾಟಿದ್ದಂತೆ. ಅದು ಗಿರಾಕಿಯನ್ನು ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಬಂದವರಿಗೆ ಒಳ್ಳೆಯ ಸರಕು, ನ್ಯಾಯವಾದ ಬೆಲೆ, ಸರಿಯಾದ ಬಿಲ್ಲು ಕೊಡಬೇಕಾದವರು ಉದ್ದಿಮೆದಾರರೇ ಎಂಬುದನ್ನು ಮರೆಯಬಾರದು.